ಚಿತ್ರದಲ್ಲಿ ಸಿಕ್ಕ ವಸ್ತುಗಳನ್ನು ಗಾತ್ರ ನೋಡಿ ಸೋಸುವುದು ಹೇಗೆ? ಕಾಫಿ ಬೀಜದ ಒಂದು ಪೂರ್ತಿ ಉದಾಹರಣೆ

ಇಮೇಜ್ ಪ್ರೊಸೆಸಿಂಗ್ ಕೋಡ್ ಬರೆಯುವವರಿಗೆಲ್ಲ ಈ ಗೋಳು ಗೊತ್ತು. ಸ್ಕ್ಯಾನರ್ ಮೇಲೆ ನಲವತ್ತು ಬೀಜ ಹರಡಿ ಎಣಿಸು ಅಂದರೆ, ಕಂಪ್ಯೂಟರ್ ಮುನ್ನೂರು ಚಿಲ್ಲರೆ ಅನ್ನುತ್ತದೆ. ಅದು ಸುಳ್ಳು ಹೇಳಿಲ್ಲ. ಧೂಳಿನ ಕಣ, ಹೊಟ್ಟಿನ ಚೂರು, ಗಾಜಿನ ಮೇಲಿನ ಗೀರು, ಎಲ್ಲವನ್ನೂ ಪ್ರಾಮಾಣಿಕವಾಗಿ ಎಣಿಸಿದೆ. ಇನ್ನೊಂದು ಕಡೆ, ಮೈಗೆ ಮೈ ತಾಗಿಸಿಕೊಂಡು ಬಿದ್ದಿರುವ ಎರಡು ಬೀಜಗಳನ್ನು ಒಂದೇ ಅಂತ ಲೆಕ್ಕ ಹಾಕಿದೆ.

ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. "100 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಬಿಟ್ಟುಬಿಡು" ಅಂತ ಒಂದು ಸಾಲು ಸೇರಿಸುತ್ತಾರೆ. ಸರಿ, ಆ 100 ಎಲ್ಲಿಂದ ಬಂತು? ಬಹಳ ಸಲ ಎಲ್ಲಿಂದಲೂ ಬಂದಿರುವುದಿಲ್ಲ, ಸುಮ್ನೆ ಹಾಕಿದ್ದು. ಇವತ್ತು ಕೆಲಸ ಮಾಡುತ್ತದೆ. ನಾಳೆ ಬೇರೆ ರೆಸಲ್ಯೂಷನ್‌ನ ಚಿತ್ರ ಬಂದರೆ ಕೈಕೊಡುತ್ತದೆ. ಆ ಸಂಖ್ಯೆ ಎರಡು ಕಡೆಯಿಂದ ಬರಬೇಕು. ಒಂದು, ವಸ್ತುವಿನ ನಿಜವಾದ ಅಳತೆ. ಇನ್ನೊಂದು, ನಿಮ್ಮ ಚಿತ್ರದಲ್ಲೇ ಸಿಕ್ಕ ಗಾತ್ರಗಳ ಪಟ್ಟಿ. ಅದಕ್ಕೂ ಮೊದಲು "ಗಾತ್ರ" ಅಂದರೆ ಏನು ಅಂತ ತೀರ್ಮಾನಿಸಬೇಕು: ವಿಸ್ತೀರ್ಣವೋ, ಉದ್ದವೋ, ಅಗಲವೋ?

ಕಾಫಿ ಬೀಜ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜವನ್ನು ದರ್ಜೆ ಮಾಡುವುದೇ ಜರಡಿಯಿಂದ. ಪ್ಲಾಂಟೇಶನ್ ಎಎ ದರ್ಜೆಗೆ 17ನೇ ನಂಬರ್ ಜರಡಿ, ತೂತು 6.65 ಮಿ.ಮೀ. ಎ ದರ್ಜೆಗೆ 15ನೇ ನಂಬರ್, ತೂತು 6 ಮಿ.ಮೀ. ಅದೇ ಕೆಲಸವನ್ನು ಕೋಡ್‌ನಲ್ಲಿ ಮಾಡಿ ನೋಡೋಣ. ಇಲ್ಲಿ ಬಳಸುವುದು ಪೈಥಾನ್ ಭಾಷೆ, ಅದರ ಜೊತೆ ಬಳಸುವ ಲೈಬ್ರರಿಗಳಾದ ಓಪನ್‌ಸಿವಿ, ನಮ್‌ಪೈ, ಸೈಕಿಟ್-ಇಮೇಜ್. ಕಮಾಂಡ್‌ಗಳ ಹೆಸರನ್ನು ಕೇಳಿಸಿದ ಹಾಗೆ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ನಾಲ್ಕೈದು ಅಕ್ಷರ ಹೊಡೆದರೆ ಪೂರ್ತಿ ಹೆಸರು ತಾನೇ ಬರುತ್ತದೆ.

ಹೆಜ್ಜೆ 1: ಅಳತೆ ಗೊತ್ತಿರುವ ಚಿತ್ರ ತೆಗೆಯಿರಿ

ಮೊಬೈಲ್‌ಗಿಂತ ಮೇಜಿನ ಮೇಲಿಡುವ ಮಾಮೂಲಿ ಸ್ಕ್ಯಾನರ್ ವಾಸಿ. ದೂರ, ಕೋನ, ಲೆನ್ಸಿನ ಡೊಂಕು, ಯಾವ ತಲೆನೋವೂ ಇಲ್ಲ. 300 ಡಿಪಿಐ ಅಂದರೆ ಒಂದು ಇಂಚಿಗೆ, ಅಂದರೆ 25.4 ಮಿ.ಮೀ.ಗೆ, 300 ಪಿಕ್ಸೆಲ್. ಭಾಗಿಸಿದರೆ ಒಂದು ಮಿ.ಮೀ.ಗೆ 11.81 ಪಿಕ್ಸೆಲ್. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಗಾಜಿನ ಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ಗೀರು ಬೀಳುತ್ತದೆ. ಬೀಜಗಳನ್ನು ಚಪ್ಪಟೆ ಮೈ ಕೆಳಗೆ ಬರುವ ಹಾಗೆ, ಒಂದಕ್ಕೊಂದು ತಾಗದ ಹಾಗೆ ಹರಡಿ. ಸ್ಕ್ಯಾನರ್‌ನ ಮುಚ್ಚಳ ಹಾಕಲು ಆಗುವುದಿಲ್ಲ. ಒಳಗೆ ಕಪ್ಪು ಕಾಗದ ಅಂಟಿಸಿದ ರಟ್ಟಿನ ಡಬ್ಬಿಯನ್ನು ಬೋರಲು ಹಾಕಿ. ಹುರಿಯದ ಬೀಜದ ಬಣ್ಣ ಬೂದು ಹಸಿರು, ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಮಾದರಿಯಲ್ಲಿ ಕೆಟ್ಟು ಕಪ್ಪಾದ ಬೀಜಗಳೂ ಇದ್ದರೆ ಕಪ್ಪು ಬೇಡ, ಅವು ಕಾಣದೇ ಹೋಗುತ್ತವೆ. ಆಗ ಗಾಢ ನೀಲಿ ಕಾಗದ ಹಾಕಿ, ಬೆಳಕಿನ ಬದಲು ಬಣ್ಣ ನೋಡಿ ಬೇರ್ಪಡಿಸಬೇಕು. ಓಪನ್‌ಸಿವಿಯಲ್ಲಿ ಹ್ಯೂ, ಅಂದರೆ ಬಣ್ಣದ ಛಾಯೆಯ ಬೆಲೆ 0ಯಿಂದ 179, ನೀಲಿ 120ರ ಆಸುಪಾಸು ಬರುತ್ತದೆ.

ಮೂಲೆಯಲ್ಲಿ ಒಂದು 10 ರೂಪಾಯಿ ನಾಣ್ಯ ಇಡಿ. ಅದರ ವ್ಯಾಸ 27 ಮಿ.ಮೀ. 300 ಡಿಪಿಐನಲ್ಲಿ ಅದು ಹತ್ತಿರ ಹತ್ತಿರ 319 ಪಿಕ್ಸೆಲ್ ಬರಬೇಕು. ಬರದಿದ್ದರೆ ಸ್ಕ್ಯಾನರ್‌ನ ಸಾಫ್ಟ್‌ವೇರ್ ಎಲ್ಲೋ ಚಿತ್ರವನ್ನು ಹಿಗ್ಗಿಸಿದೆ ಅಥವಾ ಕುಗ್ಗಿಸಿದೆ. ಮೊಬೈಲ್‌ನಲ್ಲೇ ಫೋಟೋ ತೆಗೆಯುವವರಿಗೆ ಈ ನಾಣ್ಯವೇ ಅಳತೆಕೋಲು.

ಫೈಲನ್ನು ಪಿಎನ್‌ಜಿ ಅಥವಾ ಟಿಫ್ ಆಗಿ ಉಳಿಸಿ. ಜೆಪೆಗ್ ಬೇಡ. ಜೆಪೆಗ್ ಕಂಪ್ರೆಷನ್ ಬೀಜದ ಅಂಚಿನ ಸುತ್ತ ಕಲೆ ಹುಟ್ಟಿಸುತ್ತದೆ, ಆಮೇಲೆ ಅವನ್ನೇ ನೀವು ಸೋಸುತ್ತಾ ಕೂರಬೇಕಾಗುತ್ತದೆ. "ಆಟೋ ಎನ್‌ಹಾನ್ಸ್" ಥರದ್ದು ಏನಿದ್ದರೂ ಆಫ್ ಮಾಡಿ.

ಹೆಜ್ಜೆ 2: ಕಪ್ಪು ಬಿಳುಪು ಮಾಡಿ

ಚಿತ್ರವನ್ನು ಗ್ರೇಸ್ಕೇಲ್ ಮಾಡಿ, 5×5 ಗಾಸಿಯನ್ ಬ್ಲರ್ ಕೊಟ್ಟು ಸ್ವಲ್ಪ ಮಸುಕು ಮಾಡಿ, ಓಟ್ಸು ವಿಧಾನದ ಥ್ರೆಶೋಲ್ಡ್ (ಇಷ್ಟಕ್ಕಿಂತ ಬೆಳಕಿದ್ದರೆ ಬಿಳಿ, ಇಲ್ಲದಿದ್ದರೆ ಕಪ್ಪು ಅನ್ನುವ ಗಡಿ) ಹಾಕಿ. ಜಪಾನಿನ ನೊಬುಯುಕಿ ಓಟ್ಸು 1979ರಲ್ಲಿ ಪ್ರಕಟಿಸಿದ ಈ ವಿಧಾನ ಇವತ್ತಿಗೂ ಎಲ್ಲ ಲೈಬ್ರರಿಗಳಲ್ಲಿ ಇದೆ. ಕತ್ತಲೆ ಹಿನ್ನೆಲೆ, ಬೆಳಕಿನ ವಸ್ತು ಅಂತ ಎರಡು ಗುಂಪು ಚೆನ್ನಾಗಿ ಬೇರೆ ಇರುವಲ್ಲಿ ಇದಕ್ಕಿಂತ ಜಾಸ್ತಿ ಏನೂ ಬೇಡ.

ಇಲ್ಲಿ ನೋಡಬೇಕಾದ್ದು ಒಂದೇ: ವಸ್ತು ಬಿಳಿ, ಹಿನ್ನೆಲೆ ಕಪ್ಪು ಇರಬೇಕು. ಹುರಿದ ಬೀಜವನ್ನು ಬಿಳಿ ಹಾಳೆಯ ಮೇಲೆ ಇಟ್ಟಿದ್ದರೆ ತಿರುಗಾಮುರುಗಾ ಆಗುತ್ತದೆ. ಆಗ ಥ್ರೆಶ್-ಬೈನರಿ ಬದಲು ಥ್ರೆಶ್-ಬೈನರಿ-ಇನ್ವ್ ಬಳಸಿ. ಇದನ್ನು ಮರೆತರೆ ಇಡೀ ಹಾಳೆಯೇ ಒಂದು ದೊಡ್ಡ "ವಸ್ತು" ಆಗಿ ಕೂರುತ್ತದೆ. ಗಾತ್ರದ ಫಿಲ್ಟರ್ ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ.

ಹೆಜ್ಜೆ 3: ಬೀಜದೊಳಗಿನ ತೂತು ಮುಚ್ಚಿ

ಸ್ಕ್ಯಾನರ್ ಕೆಳಗಿನಿಂದ ನೋಡುತ್ತದೆ. ಅಂದರೆ ಅದಕ್ಕೆ ಕಾಣುವುದು ಬೀಜದ ಚಪ್ಪಟೆ ಮೈ, ನಡುವೆ ಆ ಕಪ್ಪು ಗೆರೆ ಸಮೇತ. ಥ್ರೆಶೋಲ್ಡ್ ಆದ ಮೇಲೆ ಆ ಗೆರೆ ತೂತಾಗಿ ಉಳಿದರೆ ವಿಸ್ತೀರ್ಣ ಕಡಿಮೆ ಬರುತ್ತದೆ. ಗೆರೆ ಅಂಚಿನವರೆಗೂ ಹೋಗಿದ್ದರೆ ಒಂದು ಬೀಜ ಎರಡು ಹೋಳಾಗಿಯೂ ಕಾಣಬಹುದು. ಹೋಳಾಗಿದ್ದರೆ ಚಿಕ್ಕ ಕರ್ನೆಲ್‌ನ ಕ್ಲೋಸಿಂಗ್ (ಬಿಳಿ ಭಾಗವನ್ನು ತುಸು ಹಿಗ್ಗಿಸಿ ಮತ್ತೆ ಕುಗ್ಗಿಸಿ, ಸಣ್ಣ ಸೀಳು ಮುಚ್ಚುವುದು) ಒಂದು ಸಲ ಕೊಡಿ. ತೂತಾಗಿದ್ದರೆ ತುಂಬಿ.

ತುಂಬುವಾಗ ಸ್ವಲ್ಪ ಹುಷಾರು. ಸೈಪೈ ಅನ್ನುವ ಇನ್ನೊಂದು ಲೈಬ್ರರಿಯ ಬೈನರಿ-ಫಿಲ್-ಹೋಲ್ಸ್ ಎಲ್ಲ ತೂತುಗಳನ್ನೂ ಮುಚ್ಚುತ್ತದೆ. ನಾಲ್ಕೈದು ಬೀಜ ಉಂಗುರದ ಹಾಗೆ ತಾಗಿಕೊಂಡು ಬಿದ್ದಿದ್ದರೆ, ನಡುವಿನ ಖಾಲಿ ಜಾಗವನ್ನೂ ಬೀಜ ಮಾಡಿಬಿಡುತ್ತದೆ. ಅದಕ್ಕೆ ಸೈಕಿಟ್-ಇಮೇಜ್‌ನ ರಿಮೂವ್-ಸ್ಮಾಲ್-ಹೋಲ್ಸ್ ಬಳಸಿ, 5 ಚದರ ಮಿ.ಮೀ. ಮಿತಿ ಕೊಡಿ. 300 ಡಿಪಿಐನಲ್ಲಿ ಅದು ಸುಮಾರು 700 ಪಿಕ್ಸೆಲ್. ಗಮನಿಸಿದಿರಾ, ಇದೂ ಗಾತ್ರದ ಫಿಲ್ಟರೇ. ಬಿಳಿಯ ಬದಲು ಕಪ್ಪು ತುಂಡುಗಳನ್ನು ಸೋಸುತ್ತಿದ್ದೇವೆ, ಅಷ್ಟೇ.

ಹೆಜ್ಜೆ 4: ಪ್ರತಿ ತುಂಡಿಗೂ ಒಂದು ನಂಬರ್ ಕೊಡಿ

ಓಪನ್‌ಸಿವಿಯ ಕನೆಕ್ಟೆಡ್-ಕಾಂಪೊನೆಂಟ್ಸ್-ವಿತ್-ಸ್ಟ್ಯಾಟ್ಸ್ ಇಲ್ಲಿ ಮುಖ್ಯ ಕೆಲಸಗಾರ. ಅದು ನಾಲ್ಕು ವಸ್ತು ವಾಪಸ್ ಕೊಡುತ್ತದೆ: ಒಟ್ಟು ಲೇಬಲ್ ಎಷ್ಟು, ಯಾವ ಪಿಕ್ಸೆಲ್‌ಗೆ ಯಾವ ಲೇಬಲ್, ಒಂದು ಅಂಕಿಅಂಶದ ಪಟ್ಟಿ, ಮತ್ತು ಕೇಂದ್ರಬಿಂದುಗಳು. ಪಟ್ಟಿಯಲ್ಲಿ ಐದು ಕಾಲಂ: ಎಡ, ಮೇಲು, ಅಗಲ, ಎತ್ತರ, ವಿಸ್ತೀರ್ಣ. ಲೇಬಲ್ 0 ಅಂದರೆ ಹಿನ್ನೆಲೆ. ಒಟ್ಟು ಲೆಕ್ಕದಲ್ಲಿ ಅದೂ ಸೇರಿರುತ್ತದೆ, ಆದ್ದರಿಂದ ಒಂದು ಕಳೆಯಿರಿ.

ಒಂದು ಸಣ್ಣ ವಿಷಯ ದೊಡ್ಡ ಗೊಂದಲ ಮಾಡುತ್ತದೆ. ಈ ಚಿಕ್ಕ ಚಿತ್ರ ನೋಡಿ:

1 1 0 0
1 1 0 0
0 0 1 1
0 0 1 1

ಇದು ಒಂದು ವಸ್ತುವೋ, ಎರಡೋ? ಮೂಲೆಗೆ ಮೂಲೆ ತಾಗಿದರೂ ಸೇರಿದ ಹಾಗೆ ಅಂದುಕೊಂಡರೆ, ಅಂದರೆ 8 ಕಡೆಯ ನೆರೆಹೊರೆ ನೋಡಿದರೆ, ಒಂದೇ ವಸ್ತು, ವಿಸ್ತೀರ್ಣ 8. ಬರೀ ಮೇಲೆ ಕೆಳಗೆ ಅಕ್ಕಪಕ್ಕ ನೋಡಿದರೆ ಎರಡು ವಸ್ತು, ಒಂದೊಂದರ ವಿಸ್ತೀರ್ಣ 4. ಈಗ "5ಕ್ಕಿಂತ ಚಿಕ್ಕದನ್ನು ತೆಗಿ" ಅನ್ನಿ. ಮೊದಲ ಲೆಕ್ಕದಲ್ಲಿ ಎಲ್ಲ ಉಳಿಯುತ್ತದೆ, ಎರಡನೇ ಲೆಕ್ಕದಲ್ಲಿ ಎಲ್ಲ ಹೋಗುತ್ತದೆ. ಚಿತ್ರ ಅದೇ, ಮಿತಿಯೂ ಅದೇ.

ಲೈಬ್ರರಿಗಳಲ್ಲಿ ಇದು ಒಂದೇ ಥರ ಇಲ್ಲ. ನೀವೇನೂ ಹೇಳದಿದ್ದರೆ ಓಪನ್‌ಸಿವಿ ಮತ್ತು ಸೈಕಿಟ್-ಇಮೇಜ್‌ನ ಲೇಬಲ್ 8 ಕಡೆ ನೋಡುತ್ತವೆ, ಸೈಪೈನ ಲೇಬಲ್ 4 ಕಡೆ ನೋಡುತ್ತದೆ. ಒಂದರಲ್ಲಿ ಬರೆದ ಕೋಡನ್ನು ಇನ್ನೊಂದಕ್ಕೆ ಬದಲಾಯಿಸಿದಾಗ ಎಣಿಕೆ ಹೆಚ್ಚುಕಮ್ಮಿ ಆದರೆ ಮೊದಲು ಇಲ್ಲಿ ನೋಡಿ.

ನಂಬರ್ ಕೊಟ್ಟ ಮೇಲೆ, ಚಿತ್ರದ ಅಂಚಿಗೆ ತಾಗಿರುವ ತುಂಡುಗಳನ್ನು ತೆಗೆಯಿರಿ. ಸೈಕಿಟ್-ಇಮೇಜ್‌ನ ಕ್ಲಿಯರ್-ಬಾರ್ಡರ್ ಅದಕ್ಕೇ ಇರುವುದು. ಅಂಚಿನಲ್ಲಿ ಅರ್ಧ ಕಾಣುವ ದೊಡ್ಡ ಬೀಜ ಗಾತ್ರದ ಲೆಕ್ಕದಲ್ಲಿ ಒಡಕು ಬೀಜದ ಹಾಗೇ ಕಾಣುತ್ತದೆ. ಅದಕ್ಕೇ ಈ ಕೆಲಸ ಗಾತ್ರ ನೋಡುವ ಮುಂಚೆ ಆಗಬೇಕು. ಓಪನ್‌ಸಿವಿ ಕೊಟ್ಟ ಹಳೆಯ ಅಂಕಿಅಂಶದ ಪಟ್ಟಿ ತಾನಾಗಿ ಬದಲಾಗುವುದಿಲ್ಲ. ಕಪ್ಪು ಬಿಳುಪು ಚಿತ್ರದಲ್ಲೇ ಅಂಚು ತೆಗೆದು, ಇನ್ನೊಂದು ಸಲ ಲೇಬಲ್ ಮಾಡುವುದು ಸಲೀಸು.

ಹೆಜ್ಜೆ 5: ಮಿತಿ ಹಾಕುವ ಮುಂಚೆ ಪಟ್ಟಿ ನೋಡಿ

ಈ ಹೆಜ್ಜೆಯನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ವಿಸ್ತೀರ್ಣದ ಕಾಲಂ ತೆಗೆದುಕೊಂಡು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಪ್ರಿಂಟ್ ಮಾಡಿ. ಪಟ್ಟಿ ಹೆಚ್ಚುಕಮ್ಮಿ ಹೀಗೆ ಕಾಣಬಹುದು:

3, 5, 8, 11, 26, 41, 2210, 3480, 6020, 6540, 6910, 7150, 7390, 7700, 8260, 14350, 22100, 79860

ನಿಧಾನವಾಗಿ ಓದಿ. 41 ಆದ ಮೇಲೆ ಸೀದಾ 2210ಕ್ಕೆ ಹಾರಿದೆ. 41ರ ತನಕ ಇರುವುದೆಲ್ಲ ಧೂಳು. ಅರ್ಧ ಮಿ.ಮೀ.ನ ಒಂದು ಕಣ 300 ಡಿಪಿಐನಲ್ಲಿ ಸುಮಾರು 27 ಪಿಕ್ಸೆಲ್ ಆಗುತ್ತದೆ, ಲೆಕ್ಕ ತಾಳೆಯಾಗುತ್ತದೆ. 2210, 3480 ಒಡಕು ಬೀಜ. 6020ರಿಂದ 8260ರವರೆಗೆ ಇಡೀ ಬೀಜ. 14350 ನೋಡಿ, ಅದು 7175ರ ಎರಡರಷ್ಟು. ಅಂಟಿಕೊಂಡ ಜೋಡಿ ಅಂತ ಯಾರು ಬೇಕಾದರೂ ಹೇಳಬಹುದು. 22100 ಮೂರರ ಗುಂಪು. ಕೊನೆಯದು ನಮ್ಮ 10 ರೂಪಾಯಿ ನಾಣ್ಯ.

ಮಿತಿ ಇರಬೇಕಾದ್ದು ಈ ಖಾಲಿ ಜಾಗಗಳಲ್ಲಿ. ಎರಡು ಗುಂಪಿನ ನಡುವೆ ದೊಡ್ಡ ಅಂತರ ಇದ್ದರೆ, ಮಿತಿಯನ್ನು ಅಲ್ಲೆಲ್ಲಿ ಇಟ್ಟರೂ ಉತ್ತರ ಬದಲಾಗುವುದಿಲ್ಲ. ಇದೇ ಒಳ್ಳೆಯ ಮಿತಿಯ ಲಕ್ಷಣ. 100ರ ಜಾಗದಲ್ಲಿ 120 ಹಾಕಿದರೆ ಎಣಿಕೆ ಅಲುಗಾಡಿತು ಅಂದರೆ, ನೀವು ಒಂದು ಗುಂಪಿನ ಹೊಟ್ಟೆ ಸೀಳುತ್ತಿದ್ದೀರಿ. ಆಗ ಸಂಖ್ಯೆ ತಿದ್ದಿ ಉಪಯೋಗ ಇಲ್ಲ. ಚಿತ್ರ ತೆಗೆಯುವ ರೀತಿಯನ್ನೋ, ಥ್ರೆಶೋಲ್ಡನ್ನೋ ಸರಿಪಡಿಸಬೇಕು.

ನೂರಾರು ವಸ್ತುಗಳಿದ್ದರೆ ಪಟ್ಟಿ ಓದಲು ಆಗುವುದಿಲ್ಲ, ಹಿಸ್ಟೊಗ್ರಾಮ್ ಹಾಕಿ. ಅಡ್ಡ ಅಕ್ಷವನ್ನು ಲಾಗ್ ಸ್ಕೇಲ್ ಮಾಡಿ. ಇಲ್ಲದಿದ್ದರೆ ನಾಣ್ಯ ಒಂದೇ ಇಡೀ ನಕ್ಷೆಯನ್ನು ಎಳೆದು, ಉಳಿದದ್ದೆಲ್ಲ ಎಡಗಡೆ ಮೂಲೆಯಲ್ಲಿ ಮುದ್ದೆಯಾಗಿಬಿಡುತ್ತದೆ.

ಹೆಜ್ಜೆ 6: ಮಿತಿಯನ್ನು ಮಿ.ಮೀ.ನಲ್ಲಿ ಬರೆಯಿರಿ

10 ಮಿ.ಮೀ. ಉದ್ದ, 7 ಮಿ.ಮೀ. ಅಗಲದ ಒಂದು ಬೀಜ ತೆಗೆದುಕೊಳ್ಳಿ. ದೀರ್ಘವೃತ್ತ ಅಂದುಕೊಂಡರೆ ವಿಸ್ತೀರ್ಣ ಸುಮಾರು 55 ಚದರ ಮಿ.ಮೀ. ಒಂದು ಚದರ ಮಿ.ಮೀ.ನಲ್ಲಿ 11.81 × 11.81, ಅಂದರೆ 139.5 ಪಿಕ್ಸೆಲ್. ಗುಣಿಸಿದರೆ 7670 ಪಿಕ್ಸೆಲ್. ಮೇಲಿನ ಪಟ್ಟಿಯ ನಡುಗುಂಪಿಗೆ ಸರಿಯಾಗಿ ಕೂರುತ್ತದೆ, ಅಲ್ವಾ?

ಆದ್ದರಿಂದ ಕೋಡ್‌ನಲ್ಲಿ ಕನಿಷ್ಠ 30 ಚದರ ಮಿ.ಮೀ., ಗರಿಷ್ಠ 80 ಚದರ ಮಿ.ಮೀ. ಅಂತ ಬರೆದು, ಪಿಕ್ಸೆಲ್ ಲೆಕ್ಕವನ್ನು ಪ್ರೋಗ್ರಾಂಗೇ ಬಿಡಿ. 300 ಡಿಪಿಐನಲ್ಲಿ ಅವು 4185 ಮತ್ತು 11160 ಆಗುತ್ತವೆ. ಎರಡೂ ಖಾಲಿ ಜಾಗದಲ್ಲೇ ಬಿದ್ದಿವೆ. ನಾಳೆ ಯಾರೋ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಕಳಿಸಿದರೆ ಅದೇ ಬೀಜ 30680 ಪಿಕ್ಸೆಲ್ ಆಗುತ್ತದೆ. ಡಿಪಿಐ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು. ಪಿಕ್ಸೆಲ್‌ನಲ್ಲಿ ಮಿತಿ ಬರೆದಿದ್ದವರ ಕೋಡ್ ಆ ಎಲ್ಲ ಬೀಜಗಳನ್ನೂ "ಬಹಳ ದೊಡ್ಡದು" ಅಂತ ಎಸೆಯುತ್ತದೆ. ವೇಗಕ್ಕೆಂದು ಚಿತ್ರವನ್ನು ಅರ್ಧಕ್ಕೆ ಇಳಿಸಿದರೂ ಇದೇ ಕಥೆ, ಉಲ್ಟಾ.

ಹೆಜ್ಜೆ 7: ಸೋಸಿ

ಇಂಟರ್ನೆಟ್‌ನಲ್ಲಿ ಸಿಗುವ ಬಹಳಷ್ಟು ಕೋಡ್ ಹೀಗೆ ಮಾಡುತ್ತದೆ: ಪ್ರತಿ ಲೇಬಲ್‌ಗೂ ಒಂದು ಲೂಪ್, ಒಳಗೆ ಇಡೀ ಚಿತ್ರದಲ್ಲಿ ಆ ಲೇಬಲ್ ಎಲ್ಲಿದೆ ಅಂತ ಹುಡುಕಾಟ. ಎ4 ಹಾಳೆ 300 ಡಿಪಿಐನಲ್ಲಿ 2480 × 3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. 300 ತುಂಡು ಇದ್ದರೆ 260 ಕೋಟಿ ಸಲ ಹೋಲಿಸಬೇಕು. ಯಾಕೆ ಬೇಕು? ಮೂರೇ ಸಾಲಲ್ಲಿ ಮುಗಿಯುವ ಕೆಲಸ ಇದು. ಪೈಥಾನ್ ಪದಗಳನ್ನು ಕನ್ನಡ ಮಾಡಿ ತೋರಿಸಿದರೆ:

ಉಳಿಸು = (ವಿಸ್ತೀರ್ಣ >= ಕನಿಷ್ಠ) & (ವಿಸ್ತೀರ್ಣ <= ಗರಿಷ್ಠ)
ಉಳಿಸು[0] = ಸುಳ್ಳು
ಹೊಸಚಿತ್ರ = ಉಳಿಸು[ಲೇಬಲ್]

ಮೊದಲ ಸಾಲು ಪ್ರತಿ ಲೇಬಲ್‌ಗೆ ಹೌದು ಅಥವಾ ಇಲ್ಲ ಅಂತ ಒಂದು ಪಟ್ಟಿ ಮಾಡುತ್ತದೆ. ಎರಡನೆಯದು ಹಿನ್ನೆಲೆಯನ್ನು ಹೊರಗಿಡುತ್ತದೆ. ಮೂರನೆಯದು ನಮ್‌ಪೈನ ಜಾಣತನ: ಚಿತ್ರದ ಪ್ರತಿ ಪಿಕ್ಸೆಲ್ ತನ್ನ ಲೇಬಲ್ ನಂಬರ್ ಹಿಡಿದುಕೊಂಡು ಪಟ್ಟಿಯ ಹತ್ತಿರ ಹೋಗಿ ಉತ್ತರ ತರುತ್ತದೆ. ಇಡೀ ಚಿತ್ರಕ್ಕೆ ಒಂದೇ ಸುತ್ತು. ನಡುವಿನ & ಚಿಹ್ನೆಯ ಎರಡೂ ಕಡೆ ಬ್ರಾಕೆಟ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಪೈಥಾನ್ ಮೊದಲು & ಲೆಕ್ಕ ಮಾಡಿ ಎರರ್ ಕೊಡುತ್ತದೆ.

ಎರಡನೇ ಸಾಲು ಬೇಡ ಅನ್ನಿಸಬಹುದು. ಹಿನ್ನೆಲೆ ಹೇಗೂ ಗರಿಷ್ಠ ಮಿತಿ ದಾಟಿರುತ್ತದಲ್ಲ ಅಂತ. ಆದರೆ ಯಾರಾದರೂ ಗರಿಷ್ಠ ಮಿತಿ ತೆಗೆದ ದಿನ ಇಡೀ ಹಾಳೆ ಬೆಳ್ಳಗಾಗುತ್ತದೆ. ಒಂದು ಸಾಲು ಇರಲಿ ಬಿಡಿ.

ಕೆಳಗಿನ ಮಿತಿ ಒಂದೇ ಸಾಕು ಅನ್ನುವವರಿಗೆ ಸೈಕಿಟ್-ಇಮೇಜ್‌ನ ರಿಮೂವ್-ಸ್ಮಾಲ್-ಆಬ್ಜೆಕ್ಟ್ಸ್ ಇದೆ. ಅದಕ್ಕೆ ಹೌದು-ಇಲ್ಲ ಥರದ ಬೂಲಿಯನ್ ಚಿತ್ರ ಕೊಡಿ, ಇಲ್ಲವೇ ಸರಿಯಾಗಿ ಲೇಬಲ್ ಮಾಡಿದ ಚಿತ್ರ ಕೊಡಿ. 0 ಮತ್ತು 255 ಇರುವ ಓಪನ್‌ಸಿವಿ ಚಿತ್ರವನ್ನು ಹಾಗೇ ಕೊಟ್ಟರೆ, ಅದು 255 ಅನ್ನುವ ಒಂದೇ ದೊಡ್ಡ ವಸ್ತು ಇದೆ ಅಂದುಕೊಳ್ಳುತ್ತದೆ. ಏನೂ ತೆಗೆಯುವುದಿಲ್ಲ, ಒಂದು ವಾರ್ನಿಂಗ್ ಮಾತ್ರ ಕೊಡುತ್ತದೆ. ವಾರ್ನಿಂಗ್ ಓದುವ ಅಭ್ಯಾಸ ಇಲ್ಲದವರು ಇಲ್ಲಿ ಒದ್ದಾಡುತ್ತಾರೆ.

ಬಿಳಿ ಭಾಗವನ್ನು ಮೊದಲು ಕುಗ್ಗಿಸಿ ಮತ್ತೆ ಹಿಗ್ಗಿಸುವ ಮಾರ್ಫಾಲಜಿ ಓಪನಿಂಗ್‌ನಿಂದಲೂ ಧೂಳು ಹೋಗುತ್ತದಲ್ಲ ಅಂತ ಕೇಳಬಹುದು. ಹೋಗುತ್ತದೆ. ಆದರೆ ಅದು ಉಳಿಯಬೇಕಾದ ಬೀಜದ ಚೂಪು ತುದಿಗಳನ್ನೂ ಸವೆಸುತ್ತದೆ. ಆಮೇಲೆ ಆ ಬೀಜವನ್ನೇ ಅಳೆಯುವುದಿದ್ದರೆ ಅಳತೆ ಕೆಟ್ಟಿರುತ್ತದೆ. ವಿಸ್ತೀರ್ಣದ ಫಿಲ್ಟರ್ ಇಟ್ಟರೆ ಪೂರ್ತಿ ಇಡುತ್ತದೆ, ತೆಗೆದರೆ ಪೂರ್ತಿ ತೆಗೆಯುತ್ತದೆ. ಅಳತೆಯ ಕೆಲಸಕ್ಕೆ ಇದೇ ಸರಿ.

ಹೆಜ್ಜೆ 8: ವಿಸ್ತೀರ್ಣ ಸಾಕೋ, ಅಗಲ ಬೇಕೋ?

ಇಲ್ಲಿಯವರೆಗೆ ಬೀಜ ಯಾವುದು, ಕಸ ಯಾವುದು ಅಂತ ಬೇರೆ ಮಾಡಿದೆವು. ಅದಕ್ಕೆ ವಿಸ್ತೀರ್ಣ ಸಾಕು. ದರ್ಜೆ ಮಾಡಲು ಸಾಲದು. ಜರಡಿಯ ದುಂಡು ತೂತಿಗೆ ಬೀಜದ ವಿಸ್ತೀರ್ಣ ಗೊತ್ತಿಲ್ಲ, ಉದ್ದವೂ ಗೊತ್ತಿಲ್ಲ. ಉದ್ದನೆಯ ಬೀಜ ಜರಡಿಯಲ್ಲಿ ಕುಣಿಯುತ್ತಾ ಕುಣಿಯುತ್ತಾ ಎದ್ದು ನಿಂತು ಇಳಿದು ಹೋಗುತ್ತದೆ. ತಡೆಯುವುದು ಅದರ ಅಗಲ ಒಂದೇ. ಹಾಗಾಗಿ ನಮಗೆ ಬೇಕಾದ್ದೂ ಅಗಲ.

ಅಂಕಿಅಂಶದ ಪಟ್ಟಿಯಲ್ಲೇ "ಅಗಲ" ಅಂತ ಒಂದು ಕಾಲಂ ಇದೆಯಲ್ಲ, ಅದನ್ನೇ ತೆಗೆದುಕೊಂಡರೆ? ಬೇಡ. ಅದು ಬೀಜದ ಅಗಲ ಅಲ್ಲ, ಬೀಜದ ಸುತ್ತ ನೆಟ್ಟಗೆ ಎಳೆದ ಚೌಕಟ್ಟಿನ ಅಗಲ. 9 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಬೀಜ ನೆಟ್ಟಗೆ ನಿಂತಿದ್ದರೆ ಚೌಕಟ್ಟಿನ ಅಗಲ 6. ಅದೇ ಬೀಜ 45 ಡಿಗ್ರಿ ಓರೆಯಾಗಿ ಬಿದ್ದಿದ್ದರೆ ಚೌಕಟ್ಟಿನ ಅಗಲ 7.65 ಮಿ.ಮೀ. ಬೀಜ ಬೆಳೆದಿಲ್ಲ, ಬರೀ ತಿರುಗಿದೆ. ಆದರೂ ನಿಮ್ಮ ಕೋಡ್ ಅದನ್ನು ಎಎ ಗುಂಪಿಗೆ ಹಾಕಿರುತ್ತದೆ.

ಸರಿಯಾದ ದಾರಿ ಎರಡು. ಓಪನ್‌ಸಿವಿಯಲ್ಲಿ ಮಿನ್-ಏರಿಯಾ-ರೆಕ್ಟ್ ಬಳಸಿ. ಅದು ಬೀಜದ ಜೊತೆ ತಾನೂ ಓರೆಯಾಗಿ ಬಿಗಿಯಾದ ಆಯತ ಹಾಕುತ್ತದೆ. ಎರಡು ಬದಿಗಳಲ್ಲಿ ಚಿಕ್ಕದು ಅಗಲ. ಅದು "ಅಗಲ, ಎತ್ತರ" ಅಂತ ಕೊಡುವ ಕ್ರಮವನ್ನು ನಂಬಬೇಡಿ, ನೀವೇ ಚಿಕ್ಕದನ್ನು ಆರಿಸಿಕೊಳ್ಳಿ. ಇನ್ನೊಂದು ದಾರಿ ಸೈಕಿಟ್-ಇಮೇಜ್‌ನ ರೀಜನ್-ಪ್ರಾಪ್ಸ್. ಅದರಲ್ಲಿ ಆಕ್ಸಿಸ್-ಮೈನರ್-ಲೆಂಗ್ತ್ ಅಂತ ಸಿಗುತ್ತದೆ. ಅಂಚಿನಲ್ಲಿ ಒಂದು ಹೊಟ್ಟಿನ ಎಳೆ ಅಂಟಿದ್ದರೆ ಆಯತ ಹಿಗ್ಗಿಬಿಡುತ್ತದೆ. ಮೈನರ್ ಆಕ್ಸಿಸ್ ಇಡೀ ಆಕಾರವನ್ನು ನೋಡಿ ಲೆಕ್ಕ ಹಾಕುವುದರಿಂದ ಅಷ್ಟೊಂದು ಅಲುಗುವುದಿಲ್ಲ. ಬೀಜಕ್ಕೆ ನಾನು ಆರಿಸುವುದು ಇದನ್ನೇ.

6.65 ಮಿ.ಮೀ. ಅಂದರೆ 300 ಡಿಪಿಐನಲ್ಲಿ 78.5 ಪಿಕ್ಸೆಲ್. 6 ಮಿ.ಮೀ. ಅಂದರೆ 70.9. ಇಲ್ಲಿ ಒಂದೊಂದು ಪಿಕ್ಸೆಲ್‌ಗೂ ಬೆಲೆ ಇದೆ. ಮಿನ್-ಏರಿಯಾ-ರೆಕ್ಟ್ ಪಿಕ್ಸೆಲ್‌ನ ನಡುವಿನಿಂದ ನಡುವಿಗೆ ಅಳೆಯುತ್ತದೆ, ಆದ್ದರಿಂದ ಸುಮಾರು ಒಂದು ಪಿಕ್ಸೆಲ್ ಕಡಿಮೆ ಹೇಳುತ್ತದೆ. ಅಳತೆಗೆ 1 ಸೇರಿಸಿಕೊಳ್ಳಿ.

ವಸ್ತುವಿನ ಅಂಚಿನ ಗೆರೆಯಿಂದ (ಕಾಂಟೂರ್) ವಿಸ್ತೀರ್ಣ ಲೆಕ್ಕ ಹಾಕುವ ಓಪನ್‌ಸಿವಿಯ ಕಾಂಟೂರ್-ಏರಿಯಾದ್ದೂ ಇದೇ ಗುಣ. ಹತ್ತಕ್ಕೆ ಹತ್ತು ಪಿಕ್ಸೆಲ್‌ನ ಒಂದು ಬಿಳಿ ಚೌಕ ಬರೆದು ಕೇಳಿ ನೋಡಿ. ಪಿಕ್ಸೆಲ್ ಎಣಿಸಿದರೆ 100. ಕಾಂಟೂರ್-ಏರಿಯಾ 81 ಅನ್ನುತ್ತದೆ, 9 × 9. ಒಂದೇ ಪಿಕ್ಸೆಲ್‌ನ ಚುಕ್ಕೆಗೆ 0 ಅನ್ನುತ್ತದೆ. 7670 ಪಿಕ್ಸೆಲ್‌ನ ಬೀಜಕ್ಕೆ ಇದರಿಂದ ಆಗುವ ವ್ಯತ್ಯಾಸ ನೂರಕ್ಕೆ ಎರಡರಷ್ಟು, ಪರವಾಗಿಲ್ಲ. ಮೂರಕ್ಕೆ ಮೂರರ ಚುಕ್ಕೆಗೆ 9ರ ಬದಲು 4 ಬರುತ್ತದೆ, ಅರ್ಧಕ್ಕಿಂತ ಕಡಿಮೆ. ಚಿಕ್ಕ ವಸ್ತುಗಳ ಕೆಲಸದಲ್ಲಿ ಇವೆರಡನ್ನು ಬೆರೆಸಬೇಡಿ. ಇನ್ನೊಂದು ವ್ಯತ್ಯಾಸ: ಹೊರಗಿನ ಕಾಂಟೂರ್‌ನ ವಿಸ್ತೀರ್ಣದಲ್ಲಿ ಒಳಗಿನ ತೂತೂ ಸೇರಿರುತ್ತದೆ, ಪಿಕ್ಸೆಲ್ ಎಣಿಕೆಯಲ್ಲಿ ಸೇರಿರುವುದಿಲ್ಲ.

ಒಂದು ಮಾತು. ನಿಜವಾದ ದರ್ಜೆಯಲ್ಲಿ ಜರಡಿ ಮೇಲೆ ಉಳಿದದ್ದನ್ನು ತೂಕದಲ್ಲಿ ನೋಡುತ್ತಾರೆ, ಎಣಿಕೆಯಲ್ಲಲ್ಲ. ಹಣ್ಣಿನಲ್ಲಿ ಒಂದೇ ಬೀಜವಾಗಿ ದುಂಡಗೆ ಬೆಳೆದ ಪೀಬೆರ್ರಿಗೆ ಬೇರೆಯದೇ, ಉದ್ದ ಸೀಳಿನ ಜರಡಿ ಇದೆ. ಕೋಡ್ ಕೊಟ್ಟ ಎಣಿಕೆಯನ್ನೇ ದರ್ಜೆ ಅಂತ ಯಾರಿಗೂ ಹೇಳಲು ಹೋಗಬೇಡಿ.

ಹೆಜ್ಜೆ 9: ದೊಡ್ಡದನ್ನು ಎಸೆಯಬೇಡಿ, ಪಕ್ಕಕ್ಕಿಡಿ

ಧೂಳು ಹೋದರೆ ಹೋಯಿತು. ಆದರೆ ಗರಿಷ್ಠ ಮಿತಿ ದಾಟಿದ 14350ರ ತುಂಡಿನಲ್ಲಿ ಎರಡು ಒಳ್ಳೆಯ ಬೀಜ ಇವೆ. ಎಸೆದರೆ ಎಣಿಕೆ ಕಡಿಮೆ ಬರುತ್ತದೆ. ದೊಡ್ಡ ಬೀಜಗಳಿಗೆ ಜಾಗ ಜಾಸ್ತಿ ಬೇಕು, ಒಂದಕ್ಕೊಂದು ತಾಗುವುದೂ ಅವೇ ಜಾಸ್ತಿ. ಹಾಗಾಗಿ ಸರಾಸರಿ ಅಳತೆಯೂ ಕೆಳಗೆ ಜಾರುತ್ತದೆ.

ಎಣಿಕೆ ಮಾತ್ರ ಬೇಕಿದ್ದರೆ ಸುಲಭ ಉಪಾಯ ಇದೆ. ಒಂಟಿ ಬೀಜಗಳ ವಿಸ್ತೀರ್ಣದ ಮೀಡಿಯನ್ (ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ತೆಗೆದುಕೊಳ್ಳಿ. ದೊಡ್ಡ ತುಂಡನ್ನು ಅದರಿಂದ ಭಾಗಿಸಿ, ಹತ್ತಿರದ ಪೂರ್ಣಾಂಕ ಹಿಡಿಯಿರಿ. ನಮ್ಮ ಪಟ್ಟಿಯಲ್ಲಿ ಮೀಡಿಯನ್ 7150. 14350ಕ್ಕೆ 2, 22100ಕ್ಕೆ 3 ಬರುತ್ತದೆ. ನಾಣ್ಯವನ್ನು ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಅದೂ 11 ಬೀಜ ಆಗಿ ಸೇರಿಕೊಳ್ಳುತ್ತದೆ.

ಅಳತೆಯೂ ಬೇಕಿದ್ದರೆ ಬಿಡಿಸಬೇಕು. ಡಿಸ್ಟೆನ್ಸ್ ಟ್ರಾನ್ಸ್‌ಫಾರ್ಮ್ (ಪ್ರತಿ ಬಿಳಿ ಪಿಕ್ಸೆಲ್ ಹಿನ್ನೆಲೆಯಿಂದ ಎಷ್ಟು ದೂರ ಅನ್ನುವ ಲೆಕ್ಕ) ಮಾಡಿ, ಅದರ ಎತ್ತರದ ಜಾಗಗಳನ್ನು ಗುರುತಾಗಿ ಇಟ್ಟು, ಆ ಗುರುತುಗಳಿಂದ ಜಾಗ ಹಂಚುವ ವಾಟರ್‌ಶೆಡ್ ಕೊಟ್ಟರೆ, ಅದು ತುಂಡನ್ನು ಸೊಂಟದಲ್ಲಿ ಕತ್ತರಿಸುತ್ತದೆ. ನಿಜಕ್ಕೂ ದೊಡ್ಡ ಬೀಜವೋ, ಎರಡು ಚಿಕ್ಕ ಬೀಜಗಳ ಜೋಡಿಯೋ ಅನ್ನುವ ಅನುಮಾನಕ್ಕೆ ಸಾಲಿಡಿಟಿ ನೋಡಿ. ತುಂಡಿನ ವಿಸ್ತೀರ್ಣವನ್ನು ಅದರ ಕಾನ್ವೆಕ್ಸ್ ಹಲ್‌ನ (ಸುತ್ತ ಬಿಗಿಯಾಗಿ ರಬ್ಬರ್ ಬ್ಯಾಂಡ್ ಹಾಕಿದ ಹಾಗಿನ ಆಕಾರದ) ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಅದು. ಒಂಟಿ ಬೀಜಕ್ಕೆ 1ರ ಹತ್ತಿರ ಇರುತ್ತದೆ. ಜೋಡಿಗೆ ಸೊಂಟ ಇರುವುದರಿಂದ ಕೆಳಗಿಳಿಯುತ್ತದೆ. ನಿಜ ಹೇಳಬೇಕೆಂದರೆ, ಇಷ್ಟೆಲ್ಲ ಮಾಡುವ ಬದಲು ಬೀಜಗಳನ್ನು ಬೆರಳಲ್ಲಿ ಸರಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡುವುದೇ ಬೇಗ.

ಹೆಜ್ಜೆ 10: ಕಣ್ಣಲ್ಲಿ ನೋಡಿ, ಟೆಸ್ಟ್ ಬರೆಯಿರಿ

ಮೂಲ ಚಿತ್ರದ ಮೇಲೆ ಉಳಿಸಿದ್ದಕ್ಕೆ ಹಸಿರು, ಚಿಕ್ಕದೆಂದು ತೆಗೆದದ್ದಕ್ಕೆ ಕೆಂಪು, ದೊಡ್ಡದಕ್ಕೆ ನೀಲಿ ಗೆರೆ ಎಳೆಯಿರಿ. ಪ್ರತಿಯೊಂದರ ಪಕ್ಕ ಅದರ ಅಳತೆ ಬರೆಯಿರಿ. ಉಳಿದದ್ದನ್ನು ಮಾತ್ರ ನೋಡಿದರೆ ಏನು ಕಳೆದುಕೊಂಡಿರಿ ಅಂತ ಗೊತ್ತೇ ಆಗುವುದಿಲ್ಲ. ಓಪನ್‌ಸಿವಿಯಲ್ಲಿ ಬಣ್ಣದ ಕ್ರಮ ನೀಲಿ, ಹಸಿರು, ಕೆಂಪು. ಕೆಂಪು ಬೇಕೆಂದು 255 ಅನ್ನು ಮೊದಲ ಜಾಗದಲ್ಲಿ ಹಾಕಿದರೆ ನೀಲಿ ಬರುತ್ತದೆ.

ಟೆಸ್ಟ್‌ಗೆ ನಿಜವಾದ ಫೋಟೋ ಬೇಡ. ಕಪ್ಪು ಚಿತ್ರದ ಮೇಲೆ ಅಳತೆ ಗೊತ್ತಿರುವ ಚೌಕಗಳನ್ನು ನೀವೇ ಬರೆಯಿರಿ. ಒಂದು ಸರಿಯಾಗಿ ಮಿತಿಯಷ್ಟೇ ಇರಲಿ, ಒಂದು ಅದಕ್ಕಿಂತ ಒಂದು ಪಿಕ್ಸೆಲ್ ಕಡಿಮೆ, ಒಂದು ಅಂಚಿಗೆ ತಾಗಿರಲಿ, ಒಂದರ ಒಳಗೆ ತೂತಿರಲಿ. ಏನೂ ಇಲ್ಲದ ಖಾಲಿ ಚಿತ್ರವನ್ನೂ ಕೊಡಿ, ಅಲ್ಲಿ ಮೀಡಿಯನ್ ಲೆಕ್ಕ ಎಡವುತ್ತದೆ. "ಕನಿಷ್ಠ" ಅಂದರೆ ಅಷ್ಟೇ ಇರುವುದೂ ಸೇರಿತೋ ಇಲ್ಲವೋ ಅನ್ನುವುದು ಮಿತಿಯಷ್ಟೇ ಇರುವ ಆ ಚೌಕದಿಂದ ಗೊತ್ತಾಗುತ್ತದೆ.

ಯೋಲೋ ಥರದ ಡಿಟೆಕ್ಟರ್ ಬಳಸುವವರಿಗೆ

ಇವು ಚಿತ್ರದಲ್ಲಿ ಯಾವ ವಸ್ತು ಎಲ್ಲಿದೆ ಅಂತ ಗುರುತಿಸಲು ಕಲಿಸಿದ ಮಾಡೆಲ್‌ಗಳು. ಅಲ್ಲಿ ಸಿಗುವುದು ಆಕಾರ ಅಲ್ಲ, ನೆಟ್ಟಗಿನ ಚೌಕಟ್ಟು. ಗಾತ್ರ ಅಂದರೆ ಚೌಕಟ್ಟಿನ ಅಗಲ ಗುಣಿಸು ಎತ್ತರ. ಇಂಥ ಮಾಡೆಲ್‌ಗಳನ್ನು ಪರೀಕ್ಷಿಸಲು ಬಳಸುವ ಕೋಕೋ ಅನ್ನುವ ಚಿತ್ರಸಂಗ್ರಹದ ಲೆಕ್ಕದಲ್ಲಿ 32 × 32, ಅಂದರೆ 1024 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಚಿಕ್ಕದು, 96 × 96, ಅಂದರೆ 9216 ದಾಟಿದರೆ ದೊಡ್ಡದು. ಅದು ಮಾಡೆಲ್‌ಗಳನ್ನು ಹೋಲಿಸಲು ಇಟ್ಟುಕೊಂಡ ಅಳತೆ. ನಿಮ್ಮ ಫಿಲ್ಟರ್‌ಗೆ ಅದನ್ನೇ ಎತ್ತಿ ಹಾಕಬೇಕೆಂದಿಲ್ಲ.

ಮಾಡೆಲ್ ಚಿತ್ರವನ್ನು 640 ಪಿಕ್ಸೆಲ್‌ಗೆ ಇಳಿಸಿ ನೋಡಿರಬಹುದು. ಕೈಗೆ ಬಂದ ಚೌಕಟ್ಟು 640ರ ಲೆಕ್ಕದ್ದೋ, ಮೂಲ ಚಿತ್ರದ ಲೆಕ್ಕದ್ದೋ ಅಂತ ಮೊದಲು ಖಚಿತ ಮಾಡಿಕೊಳ್ಳಿ. ರಸ್ತೆಯ ಕ್ಯಾಮೆರಾ ಆಗಿದ್ದರೆ ಇಡೀ ಚಿತ್ರಕ್ಕೆ ಒಂದೇ ಮಿತಿ ನಡೆಯುವುದಿಲ್ಲ. ದೂರದ ಬಸ್ಸು ಹತ್ತಿರದ ಸ್ಕೂಟರ್‌ಗಿಂತ ಚಿಕ್ಕದಾಗಿ ಕಾಣುತ್ತದೆ. ಚಿತ್ರವನ್ನು ಮೇಲಿನಿಂದ ಕೆಳಗೆ ನಾಲ್ಕೈದು ಪಟ್ಟಿ ಮಾಡಿ. ಪ್ರತಿ ಪಟ್ಟಿಗೂ ಐದನೇ ಹೆಜ್ಜೆಯ ಹಾಗೆ ಗಾತ್ರಗಳನ್ನು ಜೋಡಿಸಿ ನೋಡಿ, ಬೇರೆ ಬೇರೆ ಮಿತಿ ಹಾಕಿ. ಒಂದು ವಾಹನ ಯಾವ ಪಟ್ಟಿಗೆ ಸೇರಿದ್ದು ಅನ್ನುವುದಕ್ಕೆ ಚೌಕಟ್ಟಿನ ನಡುಬಿಂದು ಬೇಡ, ಕೆಳಗಿನ ಅಂಚು ನೋಡಿ. ಚಕ್ರ ನೆಲಕ್ಕೆ ತಾಗುವುದು ಅಲ್ಲೇ.